ಕಾಯಕವನ್ನು ಒರೆಗೆ ಹಚ್ಚುವ ಬಗೆ

 

ಮಹೋತ್ಸವದ ಕಾಲವು ಹಿಂದಿನವರ ಸಾಧನೆಯನ್ನು ಕೊಂಡಾಡುವ ಕಾಲವಷ್ಟೆ. ಆದರೆ ದೀಪಾವಳಿಯಲ್ಲಿ ಹೊಸ ಲೆಕ್ಕದ ಪುಸ್ತಕಕ್ಕೆ ಪೂಜೆ ಮಾಡುವ ವರ್ತಕನು ಮೊದಲು ಹಳೆಯ ಲೆಕ್ಕವನ್ನು ಮುಗಿಸಿ ಲಾಭಹಾನಿಗಳನ್ನು ಕಂಡುಕೊಳ್ಳುವನು. ಅಂತೆಯೇ ಇಂಥ ಸಂದರ್ಭದಲ್ಲಿ ಪ್ರತಿಯೊಬ್ಬ ಭಕ್ತನೂ ತನ್ನ ಕಾಯಕದ ಲೆಕ್ಕವನ್ನು ತೆಗೆದು ನೋಡತಕ್ಕದ್ದು. ಕಾಯಕವು ಪೂಜೆಯೆಂದು ಎಲ್ಲರೂ ಹೇಳುವರು. ಹಾಗೆ ಹೇಳಿದ ಮೇಲೆ ಒಂದು ಹೊಣೆಯು ತಾನಾಗಿಯೇ ಹೆಗಲಿಗೆ ಬರುವುದು. ಬಾಡಿದ ಹೂವನ್ನು ಲಿಂಗಕ್ಕೆ ಏರಿಸಲು ಹಿಂಜರಿಯುವವನು ಕೆಟ್ಟ ಕೆಲಸವನ್ನು ಲೋಕಕ್ಕೆ ಒಪ್ಪಿಸಲು ಹಿಂಜರಿಯದಿದ್ದರೆ, ಅವನ ಬಾಯಲ್ಲಿ ಕಾಯಕವೆಂಬುದು ಬರಿಯ ಶಬ್ದವು.

ಹಾಗಾದರೆ ತನ್ನ ಕಾಯಕದ ಮಟ್ಟವನ್ನು ಅಳೆಯುವುದು ಯಾವುದರಿಂದ? ಇದಕ್ಕೆ 12ನೆಯ ಶತಮಾನದ ಶರಣೆ ಆಯ್ದಕ್ಕಿ ಲಕ್ಕಮ್ಮನ ಚರಿತ್ರೆಯಲ್ಲಿ ಉತ್ತರವಿದೆ. ಆಕೆಯ ಪತಿ ಮಾರಯ್ಯನು ಅಮರೇಶ್ವರದಿಂದ ಕಲ್ಯಾಣಕ್ಕೆ ಬಂದು, ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುತ್ತಿದ್ದನು. ಒಮ್ಮೆ ಅನುಭಾವಗೋಷ್ಠಿಯಲ್ಲಿ ಮೈಮರೆತಿದ್ದ ಪತಿಗೆ, ಕಾಯಕವು ನಿಂತಿತೆಂಬುದನ್ನು ಲಕ್ಕಮ್ಮನೇ ನೆನಪಿಗೆ ತಂದಳು. ಆತನು ಅವಸರದಿಂದ ಹೋಗಿ, ಎಂದಿಗಿಂತ ಹೆಚ್ಚು ಅಕ್ಕಿಯನ್ನು ತಂದನು. ಆಕೆಯು ಹಿಗ್ಗಲಿಲ್ಲ. ಇದು ಆಸೆಯ ಫಲವೆಂದು ತಿಳಿದು, ಮಿಕ್ಕ ಅಕ್ಕಿಯನ್ನು ತಂದಲ್ಲಿಯೇ ಸುರಿದು ಬರುವಂತೆ ಹೇಳಿದಳು.

ಈ ಎರಡು ಪ್ರಸಂಗಗಳನ್ನು ಕೂಡಿಸಿ ನೋಡಿದರೆ ಒಂದು ಪೂರ್ಣವಾದ ಅಳತೆಗೋಲು ದೊರೆಯುವುದು. ಒಳ್ಳೆಯ ಮಾತಿನಲ್ಲಿ ಮಗ್ನನಾಗಿದ್ದೆನೆಂಬುದು ಬಿಟ್ಟ ಕೆಲಸಕ್ಕೆ ಸಮಾಧಾನವಲ್ಲ. ಹೆಚ್ಚು ಪ್ರತಿಫಲ ಬಂದಿತೆಂಬುದು ಕೆಲಸವು ಉತ್ತಮವಾಯಿತೆಂಬುದಕ್ಕೆ ಸಾಕ್ಷಿಯೂ ಅಲ್ಲ. ಗಿರಾಕಿಗಳು ಹೆಚ್ಚಿದರೆಂದು ವರ್ತಕನು, ಸಭೆಯು ತುಂಬಿತೆಂದು ಪುರಾಣ ಹೇಳುವ ಶಾಸ್ತ್ರಿಯು, ಮಕ್ಕಳು ಬಹುಮಂದಿ ಸೇರಿದರೆಂದು ಉಪಾಧ್ಯಾಯನು ತೃಪ್ತರಾಗಬಾರದು. ತೂಕವು ಕೊಳ್ಳಲು ಬಂದ ಎಳೆಯ ಮಗುವಿಗೂ ಸರಿಯಾಗಿತ್ತೇ, ಕೇಳಿದವರಲ್ಲಿ ಒಬ್ಬನಾದರೂ ತತ್ತ್ವವನ್ನು ತಿಳಿದು ಎದ್ದನೇ, ಹಿಂದಿನ ಸಾಲಿನಲ್ಲಿ ಕುಳಿತ ಮಂದಮತಿಯ ಹುಡುಗನಿಗೆ ಪಾಠವು ಮುಟ್ಟಿತೇ ಎಂಬುದೇ ಅವರವರ ಅಳತೆಯು.

ಅಳತೆಗೋಲು ದೊರೆತರೂ ಒಂದು ಕಷ್ಟವು ಉಳಿಯುವುದು. ಮನುಷ್ಯನಿಗೆ ತನ್ನ ತಪ್ಪು ತನಗೆ ಕಾಣುವುದಿಲ್ಲ. ಇದನ್ನು ಮಠಗಳ ತಾಡವಾಲೆಯ ಕಟ್ಟುಗಳಲ್ಲಿ ಸ್ಪಷ್ಟವಾಗಿ ನೋಡಬಹುದು. ಕಂಟದಿಂದ ಗರಿಯ ಮೇಲೆ ಅಕ್ಷರ ಕೊರೆದು, ಮಸಿ ತುಂಬಿ ಗ್ರಂಥವನ್ನು ಸಿದ್ಧಪಡಿಸುತ್ತಿದ್ದ ಲಿಪಿಕಾರನು ಸಾಮಾನ್ಯನಲ್ಲ. ಆದರೂ ಒಂದೇ ಶಬ್ದವು ಸಮೀಪದ ಎರಡು ಸಾಲುಗಳಲ್ಲಿ ಬಂದಾಗ, ಅವನ ಕಣ್ಣು ಮೊದಲನೆಯದರಿಂದ ಎರಡನೆಯದಕ್ಕೆ ಜಾರಿ ನಡುವಣ ಮಾತೆಲ್ಲವೂ ಬಿಟ್ಟುಹೋಗುವುದು. ದಕಾರ ಧಕಾರಗಳು ಒಂದಕ್ಕೊಂದು ಬದಲಾಗುವುವು. ಅವನೇ ಮರಳಿ ಓದಿದರೆ ತಪ್ಪು ಸಿಕ್ಕುವುದು ಅಪರೂಪ. ಏಕೆಂದರೆ ಅವನು ಗರಿಯಲ್ಲಿರುವುದನ್ನು ಓದದೆ, ತನ್ನ ಮನಸ್ಸಿನಲ್ಲಿರುವುದನ್ನೇ ಓದುವನು. ಒಬ್ಬನು ಮೂಲವನ್ನು ಗಟ್ಟಿಯಾಗಿ ಓದುತ್ತಿರಲು ಮತ್ತೊಬ್ಬನು ಪ್ರತಿಯನ್ನು ನೋಡುತ್ತ ಹೋದರೆ ಮಾತ್ರ ಬಿಟ್ಟ ಮಾತು ಹೊರಬೀಳುವುದು. ಆಗ ಹಂಸಪಾದದ ಗುರುತು ಹಾಕಿ, ಅಂಚಿನಲ್ಲಿ ಅದನ್ನು ಸೇರಿಸುವರು. ಆ ಗುರುತಿನಿಂದ ಗ್ರಂಥಕ್ಕೆ ಕುಂದಿಲ್ಲ. ನೋಡಿ ತಿದ್ದಿದ ಪ್ರತಿಯೆಂಬ ಗೌರವವೇ ಉಂಟು. ತಪ್ಪಿದ್ದರೆ ಬಲ್ಲವರು ತಿದ್ದಿಕೊಳ್ಳಬೇಕೆಂದು ಅನೇಕ ಲಿಪಿಕಾರರು ಗ್ರಂಥಾಂತ್ಯದಲ್ಲಿ ಬೇಡಿಕೊಂಡಿರುವರು.

ಇಲ್ಲಿ ಇನ್ನೊಂದು ಸಂಗತಿಯನ್ನೂ ಮನಗಾಣಬೇಕು. ಲಿಪಿಕಾರನು ಬಿಟ್ಟ ಒಂದು ಸಾಲು ಅವನೊಬ್ಬನ ನಷ್ಟವಲ್ಲ. ಅವನ ಪ್ರತಿಯಿಂದ ಮುಂದೆ ಪ್ರತಿಮಾಡಿದವರೆಲ್ಲರಿಗೂ ಆ ಮಾತು ಇಲ್ಲವಾಯಿತು. ಉಪಾಧ್ಯಾಯನ ತಪ್ಪು ಪಾಠವೂ, ವೈದ್ಯನ ಅಜಾಗರೂಕತೆಯೂ, ಮನೆ ಕಟ್ಟುವವನ ಸಡಿಲವಾದ ಗೋಡೆಯೂ ಹೀಗೆಯೇ ಪರರ ಬಾಳಿನಲ್ಲಿ ಮುಂದುವರಿಯುವುವು. ಆದುದರಿಂದ ಕಾಯಕವನ್ನು ಪರೀಕ್ಷಿಸಿಕೊಳ್ಳುವುದು ಆತ್ಮಸಂತೋಷಕ್ಕಾಗಿ ಅಲ್ಲ. ತನ್ನನ್ನು ನಂಬಿದವರ ಋಣವನ್ನು ತೀರಿಸುವುದಕ್ಕಾಗಿ.

ಪರರ ತಿದ್ದುಪಡಿಯನ್ನು ಒಪ್ಪುವುದು ಕಾಯಕನಿಷ್ಠನಿಗೆ ಅವಮಾನವೆಂದು ಯಾರೂ ಭಾವಿಸಬಾರದು. ಹುಲ್ಲಿನ ಹಗ್ಗ ಹೊಸೆಯುತ್ತಿದ್ದ ನುಲಿಯ ಚಂದಯ್ಯನ ನಿಷ್ಠೆಗೆ ಸಮನಾದುದು ಯಾವುದು? ಕೊರಳ ಇಷ್ಟಲಿಂಗವು ಜಾರಿ ನೀರಿಗೆ ಬಿದ್ದರೂ ಆತನು ಕಾಯಕವನ್ನು ನಿಲ್ಲಿಸದೆ ನಡೆದನೆಂದು ಪರಂಪರೆಯು ಹೇಳುತ್ತದೆ. ಅಂತಹ ಧೀರನೂ ಮಡಿವಾಳ ಮಾಚಯ್ಯನು ತಿಳಿಹೇಳಲು ಕೇಳಿ, ಲಿಂಗವನ್ನು ಮರಳಿ ಸ್ವೀಕರಿಸಿದನು. ನಿಷ್ಠೆಯು ಗಟ್ಟಿಯಾಗಿದ್ದಷ್ಟೂ ಕಿವಿಯು ತೆರೆದಿರಬೇಕೆಂಬುದು ಇದರ ತಾತ್ಪರ್ಯವು.

ಇನ್ನು ಕಾಯಕದ ಮಟ್ಟವನ್ನು ಏರಿಸುವ ಉಪಾಯವು. ಮೊದಲನೆಯದಾಗಿ, ರಾತ್ರಿ ಲಿಂಗಪೂಜೆಗೆ ಕುಳಿತುಕೊಳ್ಳುವ ಮುನ್ನ ಆ ದಿನ ಮಾಡಿದ ಕೆಲಸದಲ್ಲಿ ಕೊರತೆಯಾದುದು ಯಾವುದೆಂದು ಒಂದನ್ನಾದರೂ ಗುರುತಿಸತಕ್ಕದ್ದು. ಎಲ್ಲದರಲ್ಲಿಯೂ ತಪ್ಪಿದೆನೆಂದು ಹಲುಬುವುದು ವ್ಯರ್ಥ. ಅದರಿಂದ ಮರುದಿನ ತಿದ್ದಲು ಏನೂ ಕೈಗೆ ಸಿಕ್ಕದು. ಎರಡನೆಯದಾಗಿ, ಲಕ್ಕಮ್ಮನಂತೆ ಮುಖಸ್ತುತಿಯಿಲ್ಲದೆ ನುಡಿಯುವ ಒಬ್ಬರನ್ನು ಹತ್ತಿರ ಇಟ್ಟುಕೊಳ್ಳತಕ್ಕದ್ದು. ಆ ಒಬ್ಬರು ಮಡದಿಯಾಗಲಿ, ಶಿಷ್ಯನಾಗಲಿ, ಕೂಲಿಯಾಳಾಗಲಿ, ಕಿರಿಯರೆಂದು ಅಲ್ಲಗಳೆಯಬಾರದು. ಮೂರನೆಯದಾಗಿ, ಚೆನ್ನಾಗಿ ಬರುವುದನ್ನೇ ಮತ್ತೆ ಮತ್ತೆ ಮಾಡಿ ಹೊಗಳಿಕೆ ಪಡೆಯುವುದನ್ನು ಬಿಟ್ಟು, ಬಾರದುದನ್ನು ಅಭ್ಯಾಸಮಾಡತಕ್ಕದ್ದು. ಪಾಠಶಾಲೆಯ ವಿದ್ಯಾರ್ಥಿಯು ಬಂದ ಶ್ಲೋಕವನ್ನು ರಾಗವಾಗಿ ಹೇಳುತ್ತ, ಬಾರದ ಸೂತ್ರವನ್ನು ತಪ್ಪಿಸುವುದನ್ನು ಗುರುಗಳು ಬಲ್ಲರು. ದೊಡ್ಡವರಾದ ಮೇಲೂ ಬಹುಮಂದಿ ಅದೇ ವಿದ್ಯಾರ್ಥಿಗಳೇ.

ಈ ಮಾರ್ಗದಲ್ಲಿ ನಡೆದುದರ ಫಲವನ್ನು ಕಾಣಬೇಕಾದರೆ ಫ. ಗು. ಹಳಕಟ್ಟಿಯವರ ಸೇವೆಯನ್ನು ನೆನೆಯಬಹುದು. ವಿಜಾಪುರದಲ್ಲಿ ವಕೀಲರಾಗಿದ್ದ ಅವರು ವಚನಗಳ ಹಸ್ತಪ್ರತಿಗಳನ್ನು ಹುಡುಕಿ ಕೂಡಿಸಿ, 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲನೆಯ ಭಾಗವನ್ನು ಪ್ರಕಟಿಸಿದರು. ಅಷ್ಟಕ್ಕೇ ಕೃತಾರ್ಥರೆನ್ನದೆ, 1926ರಲ್ಲಿ ‘ಶಿವಾನುಭವ’ ಪತ್ರಿಕೆಯನ್ನು ಆರಂಭಿಸಿ ಶೋಧನೆಯನ್ನು ಮುಂದುವರಿಸಿದರು. ಅವರ ತರುವಾಯ ಬಂದ ವಿದ್ವಾಂಸರು ಇನ್ನೂ ಅನೇಕ ಪ್ರತಿಗಳನ್ನು ಹೋಲಿಸಿ ಪಾಠಗಳನ್ನು ಪರಿಷ್ಕರಿಸಿದರು. 1993ರಲ್ಲಿ ಸಮಗ್ರ ವಚನ ಸಾಹಿತ್ಯವು 15 ಸಂಪುಟಗಳಲ್ಲಿ ಹೊರಬಂದಿತು. ಇದರಿಂದ ಮೊದಲಿನವರ ಕೀರ್ತಿಗೆ ಊನವಾಯಿತೇ? ಇಲ್ಲ. ತಿದ್ದಲು ಯೋಗ್ಯವಾದ ಕೆಲಸವನ್ನು ಬಿಟ್ಟುಹೋದುದೇ ಅವರ ಹಿರಿಮೆಯು.

ಆದುದರಿಂದ ಶರಣಬಂಧುಗಳೇ, ಉತ್ಸವದ ತೋರಣವು ನಾಳೆ ಒಣಗುವುದು, ಪಲ್ಲಕ್ಕಿಯು ಒಳಗೆ ಸೇರುವುದು. ಆಮೇಲೆ ಮಠದ ಮಾನವು ಉಳಿಯುವುದು ಭಕ್ತರ ಕೈಕೆಲಸದಲ್ಲಿ. ಈ ಮಠದ ಶಿಷ್ಯನು ತೂಗಿದರೆ ತೂಕ ಸರಿ, ಕಲಿಸಿದರೆ ಪಾಠ ಸರಿ, ನೇಯ್ದರೆ ಬಟ್ಟೆ ಬಾಳುವುದು ಎಂಬ ಮಾತು ಊರವರ ಬಾಯಲ್ಲಿ ಹುಟ್ಟಬೇಕು. ಅದಕ್ಕಿಂತ ಮಿಗಿಲಾದ ಕಾಣಿಕೆಯನ್ನು ಗುರುಪೀಠವು ಬಯಸುವುದಿಲ್ಲ. ಅಂತಹ ಕಾಯಕಶುದ್ಧಿಯು ಸರ್ವರಿಗೂ ಲಭಿಸಲಿ.