ತಿರುಗುವುದು ಭೂಮಿಯೋ ಆಕಾಶವೋ



ಹಗಲಿರುಳುಗಳು ಏತಕ್ಕೆ ಆಗುತ್ತವೆ ಎಂದು ಕೇಳಿದರೆ, ಪ್ರಾಥಮಿಕ ಶಾಲೆಯ ಬಾಲಕನೂ ಥಟ್ಟನೆ ಉತ್ತರ ಹೇಳಿಯಾನು. ಭೂಮಿಯು ಬುಗುರಿಯಂತೆ ತನ್ನ ಅಕ್ಷದ ಸುತ್ತ ಪಶ್ಚಿಮದಿಂದ ಪೂರ್ವಕ್ಕೆ ತಿರುಗುತ್ತಿದೆ; ಸೂರ್ಯನಿಗೆ ಎದುರಾದ ಭಾಗದಲ್ಲಿ ಹಗಲು, ಮರೆಯಾದ ಭಾಗದಲ್ಲಿ ಇರುಳು. ಉತ್ತರವೇನೋ ಸರಿಯೆ. ಆದರೆ ‘ಅದು ನಿನಗೆ ಹೇಗೆ ಗೊತ್ತು?’ ಎಂದು ಮತ್ತೊಂದು ಪ್ರಶ್ನೆಯನ್ನು ಹಾಕಿದೆವಾದರೆ ಬಾಲಕನು ಮಾತ್ರವಲ್ಲ, ಪಕ್ಕದಲ್ಲಿ ಕುಳಿತ ಅವನ ತಂದೆಯೂ ಸುಮ್ಮನಾಗುವ ಸಂಭವವುಂಟು. ನಾವು ಕಣ್ಣಾರೆ ಕಾಣುವುದು ಸೂರ್ಯನು ಮೂಡುವುದನ್ನು, ನೆತ್ತಿಗೇರುವುದನ್ನು, ಮುಳುಗುವುದನ್ನು. ನೆಲವು ತಿರುಗಿದುದನ್ನು ಕಂಡವರಾರು? ಈ ಹೊತ್ತು ನಾವು ವಿಚಾರಮಾಡಬೇಕೆಂದಿರುವುದು ಆ ಎರಡನೆಯ ಪ್ರಶ್ನೆಯನ್ನು.

ಕಷ್ಟವಿರುವುದು ಇಲ್ಲಿ. ಆಕಾಶವೇ ದಿನಕ್ಕೊಮ್ಮೆ ಪೂರ್ವದಿಂದ ಪಶ್ಚಿಮಕ್ಕೆ ಸುತ್ತಿದರೂ, ಭೂಮಿಯೇ ಪಶ್ಚಿಮದಿಂದ ಪೂರ್ವಕ್ಕೆ ಸುತ್ತಿದರೂ ನಮ್ಮ ಕಣ್ಣಿಗೆ ತೋರುವ ನೋಟ ಒಂದೇ. ಉದಯಾಸ್ತಗಳನ್ನು ಎಷ್ಟು ಸೂಕ್ಷ್ಮವಾಗಿ ನೋಡಿದರೂ, ಆ ನೋಟವೊಂದರಿಂದಲೇ ಇದು ಹೀಗೆ ಎಂದು ನಿರ್ಣಯಿಸಲಾಗದು. ಕ್ರಿ. ಶ. 499ರಲ್ಲಿ 23 ವರ್ಷದ ತರುಣನಾಗಿದ್ದ ಆರ್ಯಭಟನಿಗೆ ಇದು ಚೆನ್ನಾಗಿ ಹೊಳೆದಿತ್ತು. ನದಿಯಲ್ಲಿ ಮುಂದಕ್ಕೆ ಸಾಗುವ ದೋಣಿಯಲ್ಲಿ ಕುಳಿತವನಿಗೆ ದಡದ ಮರಗಳು ಹಿಂದಕ್ಕೆ ಓಡುವಂತೆ ತೋರುವುದಿಲ್ಲವೆ, ಅಚಲವಾದ ನಕ್ಷತ್ರಗಳು ಪಶ್ಚಿಮಕ್ಕೆ ಓಡುವಂತೆ ತೋರುವುದೂ ಹಾಗೆಯೇ ಎಂಬ ಅಭಿಪ್ರಾಯವು ಆತನ ಆರ್ಯಭಟೀಯದಲ್ಲಿದೆ.

ಹೋಲಿಕೆಯನ್ನು ಹೇಳಿ ಆತನು ಸುಮ್ಮನಾಗಲಿಲ್ಲ. 43,20,000 ವರ್ಷಗಳ ಒಂದು ಯುಗದಲ್ಲಿ ಭೂಮಿಯು 1,58,22,37,500 ಸಲ ತಿರುಗುವುದೆಂದು ಲೆಕ್ಕ ಕೊಟ್ಟನು. ಭಾಗಿಸಿ ನೋಡಿದರೆ ವರ್ಷಕ್ಕೆ 366 ಸುತ್ತಿನ ಮೇಲೆ ಸ್ವಲ್ಪ ಆಗುತ್ತದೆ. ನಮ್ಮ ವರ್ಷಕ್ಕಾದರೋ ದಿನಗಳು 365ರ ಮೇಲೆ ಸ್ವಲ್ಪ. ಈ ಒಂದು ಸುತ್ತು ಹೆಚ್ಚಾದುದು ಹೇಗೆ? ಭೂಮಿಯು ತಿರುಗುತ್ತಲೇ ಸೂರ್ಯನ ಸುತ್ತಲೂ ಸಾಗುತ್ತಿರುವುದರಿಂದ, ಒಂದು ಸುತ್ತು ಪೂರೈಸಿದ ಮೇಲೂ ಸೂರ್ಯನಿಗೆ ಮತ್ತೆ ಎದುರಾಗಲು ಸುಮಾರು 4 ನಿಮಿಷ ಹೆಚ್ಚಾಗಿ ತಿರುಗಬೇಕು. ಈ ನಾಲ್ಕು ನಾಲ್ಕು ನಿಮಿಷಗಳು ವರ್ಷವೆಲ್ಲ ಕೂಡಿ ಒಂದು ಸುತ್ತಾಗುತ್ತವೆ. ಮೃಗಶಿರಾ ನಕ್ಷತ್ರವು ಇಂದು ಮೂಡಿದುದಕ್ಕಿಂತ ನಾಳೆ 4 ನಿಮಿಷ ಮುಂಚೆ ಮೂಡುವುದೂ ಇದರಿಂದಲೇ. ಆರ್ಯಭಟನ ಅಂಕಿಯಂತೆ ಒಂದು ಸುತ್ತಿನ ಕಾಲ 23 ಗಂಟೆ 56 ನಿಮಿಷ 4.1 ಸೆಕೆಂಡು. ಇಂದಿನ ಉಪಕರಣಗಳ ಅಳತೆಗೂ ಇದಕ್ಕೂ ಇರುವ ಅಂತರವು ಸೆಕೆಂಡಿನ ನೂರರಲ್ಲೊಂದು ಪಾಲಿನಷ್ಟು!

ಆದರೂ ಆತನ ಮಾತನ್ನು ಹೆಚ್ಚು ಮಂದಿ ಒಪ್ಪಲಿಲ್ಲ. ಒಂದು ಪ್ರಾಣಕಾಲದಲ್ಲಿ, ಎಂದರೆ 4 ಸೆಕೆಂಡಿನಲ್ಲಿ, ಭೂಮಿಯು ಒಂದು ಕಲೆಯಷ್ಟು, ಎಂದರೆ ವೃತ್ತದ 21,600ರಲ್ಲಿ ಒಂದು ಭಾಗದಷ್ಟು, ತಿರುಗುವುದೆಂದು ಆತನು ಬರೆದ ಕಡೆ, ‘ಭೂಃ’ ಎಂಬುದು ಮುಂದೆ ‘ಭಂ’ ಎಂದಾಯಿತು. ಅರ್ಥವೇ ತಲೆಕೆಳಗಾಗಿ, ತಿರುಗುವ ಕೆಲಸವು ಭೂಮಿಯನ್ನು ಬಿಟ್ಟು ನಕ್ಷತ್ರಮಂಡಲಕ್ಕೆ ಬಂದಿತು. ಮೊದಲಿನ ಪಾಠವು ನಮಗೆ ಉಳಿದುದು, ಆತನನ್ನು ಖಂಡಿಸುವುದಕ್ಕಾಗಿ ಅದನ್ನು ಎತ್ತಿಕೊಂಡ ಬ್ರಹ್ಮಗುಪ್ತನ ಗ್ರಂಥದಲ್ಲಿ. ಪ್ರತಿಪಕ್ಷದವರಿಂದಲೂ ಇಂಥ ಉಪಕಾರವಾಗುವುದುಂಟು.

ಆಕ್ಷೇಪಣೆಗಳಾದರೂ ಯಾವುವು? ಭೂಮಿಯು ತಿರುಗುವುದಾದರೆ ಆಕಾಶಕ್ಕೆ ಹಾರಿದ ಹದ್ದು ಮತ್ತೆ ತನ್ನ ಗೂಡಿಗೆ ಹೇಗೆ ಸೇರೀತು ಎಂದು ಆರನೆಯ ಶತಮಾನದ ವರಾಹಮಿಹಿರನು ಕೇಳಿದನು. ಎತ್ತರದ ವಸ್ತುಗಳು ಉರುಳಿ ಬೀಳುವುದಿಲ್ಲವೇಕೆ ಎಂದು 628ರಲ್ಲಿ ಬ್ರಹ್ಮಗುಪ್ತನು ಕೇಳಿದನು. ಇವನ್ನು ಓದಿ ನಗುವುದು ಸುಲಭ, ನಾವು ನಗಲಾರೆವು. ಮೈಸೂರಿನ ನೆಲವು ಗಂಟೆಗೆ ಸುಮಾರು 1,000 ಮೈಲಿಯ ವೇಗದಿಂದ ಪೂರ್ವಕ್ಕೆ ಧಾವಿಸುತ್ತಿದೆ. ಹೀಗಿದ್ದೂ ಚಾಮುಂಡಿಬೆಟ್ಟದ ಮೇಲಿಂದ ಎದ್ದ ಹದ್ದು ಮರುಗಳಿಗೆಯಲ್ಲೇ ಅರಬ್ಬೀ ಸಮುದ್ರದ ಮೇಲೆ ಇರುವುದಿಲ್ಲವೇಕೆಂಬುದು ಬುದ್ಧಿವಂತರು ಕೇಳತಕ್ಕ ಪ್ರಶ್ನೆಯೇ.

ಉತ್ತರವನ್ನು ರೈಲುಗಾಡಿಯಲ್ಲಿ ಕುಳಿತೇ ಪರೀಕ್ಷಿಸಬಹುದು. ಗಾಡಿಯು ಒಂದೇ ವೇಗದಲ್ಲಿ ನೆಟ್ಟಗೆ ಓಡುತ್ತಿರುವಾಗ ಒಂದು ನಿಂಬೆಯ ಹಣ್ಣನ್ನು ಮೇಲಕ್ಕೆ ಎಸೆದರೆ ಅದು ಹಿಂದಿನ ಪ್ರಯಾಣಿಕನ ತಲೆಯ ಮೇಲೆ ಬೀಳದೆ ನಮ್ಮ ಕೈಗೇ ಬರುತ್ತದೆ. ಗಾಡಿಯ ವೇಗವು ಹಣ್ಣಿಗೂ ಇದ್ದು, ಕೈಬಿಟ್ಟ ಮಾತ್ರಕ್ಕೆ ಅಳಿಯುವುದಿಲ್ಲ. ಹದ್ದಿಗೂ, ಅದನ್ನು ಹೊತ್ತ ಗಾಳಿಗೂ ಭೂಮಿಯ ವೇಗವು ಹೀಗೆಯೇ ಇದೆ. 1632ರಲ್ಲಿ ಇಟಲಿಯ ಗೆಲಿಲಿಯೋ ಚಲಿಸುವ ಹಡಗಿನ ಕೋಣೆಯನ್ನು ನಿದರ್ಶನವಾಗಿ ಕೊಟ್ಟು ಇದನ್ನು ವಿಶದಪಡಿಸಿದನು.

ಇಷ್ಟರಿಂದ ಆಕ್ಷೇಪಣೆಯು ಬಿದ್ದುಹೋಯಿತು, ಪ್ರಮಾಣವು ಸಿಕ್ಕಲಿಲ್ಲ. ಭೂಮಿಯು ತಿರುಗಬಹುದು ಎಂದಾಯಿತೇ ಹೊರತು ತಿರುಗುತ್ತಿದೆ ಎಂದಾಗಲಿಲ್ಲ. ಆಕಾಶವನ್ನು ನೋಡದೆ, ಮುಚ್ಚಿದ ಕಟ್ಟಡದೊಳಗೇ ಅದನ್ನು ಎಲ್ಲರ ಕಣ್ಣಿಗೆ ತೋರಿಸಿದವನು ಫ್ರಾನ್ಸಿನ ಫೂಕೋ. 1851ರಲ್ಲಿ ಅವನು ಪ್ಯಾರಿಸ್ಸಿನ ಪಾಂಥೆಯಾನ್ ಎಂಬ ಭವ್ಯಮಂದಿರದ ಗುಮ್ಮಟದಿಂದ ಸುಮಾರು 220 ಅಡಿ ಉದ್ದದ ತಂತಿಯಲ್ಲಿ 62 ಪೌಂಡು ತೂಕದ ಗುಂಡನ್ನು ತೂಗುಬಿಟ್ಟನು. ಗುಂಡನ್ನು ಪಕ್ಕಕ್ಕೆ ಎಳೆದು ದಾರದಿಂದ ಕಟ್ಟಿ, ಕೈ ಸೋಕಿ ಓರೆಯಾಗದಂತೆ ಆ ದಾರವನ್ನು ಸುಟ್ಟು ಬಿಡಲಾಯಿತು. ಗುಂಡಿನ ಕೆಳಗಿನ ಮೊನೆಯು ಅಂಚಿನಲ್ಲಿ ಹಾಸಿದ ಮರಳನ್ನು ಗೀರುತ್ತಾ ಹೋಯಿತು. ಪ್ರತಿ ಓಲಾಟಕ್ಕೂ ಗೀರು ತುಸು ಸರಿಯಿತು; ಗಂಟೆಗೆ 11 ಡಿಗ್ರಿಗೂ ಮೀರಿ ಸರಿಯಿತು. ಲೋಲಕವನ್ನು ಪಕ್ಕಕ್ಕೆ ತಳ್ಳುವ ಶಕ್ತಿ ಯಾವುದೂ ಅಲ್ಲಿರಲಿಲ್ಲ. ತಿರುಗಿದುದು ಪ್ರೇಕ್ಷಕರು ನಿಂತಿದ್ದ ನೆಲ.

ಈ ಪ್ರಯೋಗವನ್ನು ಧ್ರುವದಲ್ಲಿ ಮಾಡಿದರೆ ಗೀರು ಹೆಚ್ಚು ಕಡಮೆ ಒಂದೇ ದಿನದಲ್ಲಿ ಪೂರ್ಣ ಸುತ್ತು ಬರುವುದು. ಭೂಮಧ್ಯರೇಖೆಯ ಮೇಲಾದರೋ ನೆಲವು ಪೂರ್ವಕ್ಕೆ ಸಾಗುವುದೇ ಹೊರತು ಲೋಲಕದ ಅಡಿಯಲ್ಲಿ ಚಕ್ರದಂತೆ ತಿರುಗದು. ಅಲ್ಲಿ ಗೀರು ಕದಲುವುದೇ ಇಲ್ಲ. ಮೈಸೂರು ಆ ರೇಖೆಗೆ ಹತ್ತಿರವಾದುದರಿಂದ ಇಲ್ಲಿ ಗಂಟೆಗೆ ಸುಮಾರು 3.2 ಡಿಗ್ರಿ ಮಾತ್ರ; ಪೂರ್ಣ ಸುತ್ತಿಗೆ ಸುಮಾರು 112 ಗಂಟೆ ಬೇಕು. ತಾಳ್ಮೆಯುಳ್ಳವರು ಎತ್ತರವಾದ ಹಜಾರದಲ್ಲಿ ಇದನ್ನು ಮಾಡಿ ನೋಡಬಹುದು.

ಇನ್ನು, ಈ ತಿರುಗುವಿಕೆಯು ಎಂದೆಂದಿಗೂ ಒಂದೇ ಸಮವೆ? ಅಲ್ಲ. ಚಂದ್ರನ ಆಕರ್ಷಣೆಯಿಂದೇಳುವ ಸಮುದ್ರದ ಉಬ್ಬರವಿಳಿತಗಳು ಭೂಮಿಗೆ ಕಡಿವಾಣದಂತಿದ್ದು ಅದರ ವೇಗವನ್ನು ಬಲು ಮೆಲ್ಲಗೆ ತಗ್ಗಿಸುತ್ತಿವೆ. ದಿನವು ನೂರು ವರ್ಷಕ್ಕೆ ಸೆಕೆಂಡಿನ ಸಾವಿರದಲ್ಲಿ ಎರಡು ಪಾಲಿನಷ್ಟು ಬೆಳೆಯುತ್ತದೆ. ಹವಳದ ಹುಳುಗಳು ದಿನಕ್ಕೊಂದರಂತೆ ತೆಳುವಾದ ಸುಣ್ಣದ ಪದರಗಳನ್ನು ಕಟ್ಟುತ್ತವೆ. ಸುಮಾರು 38 ಕೋಟಿ ವರ್ಷಗಳ ಹಿಂದಿನ ಶಿಲೀಭೂತ ಹವಳಗಳಲ್ಲಿ ಒಂದು ವರ್ಷದ ಪದರಗಳನ್ನು ಎಣಿಸಿದ ಅಮೆರಿಕೆಯ ಜಾನ್ ವೆಲ್ಸ್ ಎಂಬ ವಿದ್ವಾಂಸನಿಗೆ ದೊರೆತುದು ಸುಮಾರು 400. ಇದನ್ನು ಅವನು 1963ರಲ್ಲಿ ಪ್ರಕಟಿಸಿದನು. ವರ್ಷದ ಒಟ್ಟು ಕಾಲವು ಬದಲಾಗಿಲ್ಲವೆಂದಿಟ್ಟುಕೊಂಡರೆ, ಆ ಹವಳಗಳು ಬದುಕಿದ್ದಾಗ ಒಂದು ಹಗಲೂ ಒಂದು ಇರುಳೂ ಕೂಡಿ ಸುಮಾರು 22 ಗಂಟೆಗಳಲ್ಲೇ ಮುಗಿಯುತ್ತಿದ್ದವು.