ಚಿನ್ನ ಕಳೆದುಕೊಂಡ ಶಿಲೆ ಎಲ್ಲಿದೆ?



ನಮ್ಮ ಶಿಸ್ಟ್ ಪಟ್ಟಿಗಳು ಸವೆದುಹೋದ ಪರ್ವತಗಳ ಬುಡ ಎನ್ನುವುದಕ್ಕೆ ಈ ಸಭೆಯಲ್ಲಿ ಪೀಠಿಕೆ ಬೇಕಿಲ್ಲ. ಬೆಣಚುಕಲ್ಲಿನೊಳಗೆ ಸಿಕ್ಕಿಕೊಂಡ ದ್ರವದ ಹನಿಗಳನ್ನು ಜೀವಮಾನವಿಡೀ ಓದಿದವರು ಮುಂದಿನ ಸಾಲಿನಲ್ಲೇ ಕುಳಿತಿದ್ದಾರೆ. ಉಪ್ಪಿನಂಶ ಕಡಿಮೆಯಿದ್ದ, ಇಂಗಾಲದ ಡೈಆಕ್ಸೈಡ್ ಬೆರೆತ ಬಿಸಿನೀರು ಚಿನ್ನವನ್ನು ಗಂಧಕದೊಡನೆ ಕೂಡಿಸಿ ಮೇಲಕ್ಕೆ ತಂದಿತು. ಕಬ್ಬಿಣ ಹೆಚ್ಚಿರುವ ಶಿಲೆ ಎದುರಾದಾಗ ಗಂಧಕ ಅದರ ಜೊತೆ ಹೋಯಿತು, ಚಿನ್ನ ಅಲ್ಲೇ ಉಳಿಯಿತು. ಇದನ್ನು ಅವರಿಂದಲೇ ಕಲಿತೆವು.

1998ರಲ್ಲಿ ಗ್ರೋವ್ಸ್ ಮತ್ತು ಸಂಗಡಿಗರು ಇಂಥ ಚಿನ್ನದ ನಿಕ್ಷೇಪಗಳಿಗೆಲ್ಲ ಓರೋಜೆನಿಕ್, ಅಂದರೆ ಪರ್ವತಜನ್ಯ, ಎಂಬ ಹೆಸರನ್ನು ನೆಲೆಗೊಳಿಸಿದರು. ಆಮೇಲೆ ಯಾವ ಗಣಿ ಈ ಗುಂಪಿಗೆ ಸೇರುತ್ತದೆ, ಯಾವುದು ಸೇರುವುದಿಲ್ಲ ಎಂಬ ಚರ್ಚೆಗೇ ನಮ್ಮ ಬುದ್ಧಿಯೆಲ್ಲ ವ್ಯಯವಾಯಿತು. ತಪ್ಪಿದ್ದು ಇಲ್ಲೇ ಎಂದು ಬಹುಕಾಲದಿಂದ ಹೇಳುತ್ತಿದ್ದೇನೆ. ಚಿನ್ನ ಬಂದು ಕೂತ ಜಾಗವನ್ನು ಅಂಗುಲ ಅಂಗುಲವಾಗಿ ಅಳೆದೆವು. ಅದು ಬಿಟ್ಟುಹೊರಟ ಶಿಲೆಯನ್ನು ಅಷ್ಟೇ ಶ್ರದ್ಧೆಯಿಂದ ಹುಡುಕಲಿಲ್ಲ.

ಕೋಲಾರದ ಗಣಿಗಳ ಲೆಕ್ಕ ನೋಡಿ. 2001ರಲ್ಲಿ ಮುಚ್ಚುವ ಹೊತ್ತಿಗೆ ಸುಮಾರು 800 ಟನ್ ಚಿನ್ನ ಹೊರಬಂದಿತ್ತು. ಸಾಧಾರಣ ಶಿಲೆಯಲ್ಲಿರುವುದು ಟನ್ನಿಗೆ ಒಂದೆರಡು ಮಿಲಿಗ್ರಾಂ. ಟನ್ನಿಗೆ 1 ಮಿಲಿಗ್ರಾಂನಂತೆ ಕಳೆದುಕೊಂಡಿತು ಎಂದರೂ ಸುಮಾರು 280 ಘನ ಕಿಲೋಮೀಟರ್ ಶಿಲೆ ಬರಿದಾಗಿರಬೇಕು. ಅಲ್ಲಿನ ಶಿಸ್ಟ್ ಪಟ್ಟಿಯ ಎರಡೂ ಬದಿಯ ನೈಸ್‌ಗಳು ಬೇರೆ ಬೇರೆ ಕಡೆಯಿಂದ ಬಂದು ಕೂಡಿದವು ಎಂದು ಕ್ರೋಗ್‌ಸ್ಟಾಡ್, ರಾಜಾಮಣಿ ಮೊದಲಾದವರು 1989ರಲ್ಲೇ ವಾದಿಸಿದರು. ಹಾಗಾದರೆ ಅವುಗಳ ನಡುವೆ ಸಾಗರವಿದ್ದಿರಬೇಕು; ಬರಿದಾದದ್ದು ಶಿಸ್ಟೋ, ಅದರಡಿಗೆ ಜಾರಿಹೋದ ಆ ಸಾಗರತಳವೋ?

ಹಟ್ಟಿ ಚಿನ್ನದ ಗಣಿಯಲ್ಲಿ ಒಮ್ಮೆ ರೀಫ್‌ನಿಂದ ದೂರದ ಕಲ್ಲು ಕೇಳಿದಾಗ ಹಿರಿಯ ಮೇಸ್ತ್ರಿಯೊಬ್ಬರು, "ಅದರಾಗ ಏನದರಿ ಸಾಹೇಬ್ರ?" ಎಂದರು. ಏನಿಲ್ಲ ಎಂಬುದೇ ನನಗೆ ಬೇಕಾಗಿತ್ತು.

ನ್ಯೂಜಿಲೆಂಡಿನ ಒಟಾಗೊದಲ್ಲಿ ಪಿಟ್‌ಕೇರ್ನ್ ತಂಡ ಹೀಗೆ ಚಿನ್ನ ಕಳೆದುಕೊಂಡ ಶಿಲೆಯನ್ನೇ ಹುಡುಕಿತು. ರೂಪಾಂತರ ಹೆಚ್ಚಿ ಶಿಲೆ ನೀರು ಬಿಟ್ಟುಕೊಟ್ಟಂತೆ ಅದರಲ್ಲಿ ಚಿನ್ನವೂ ಆರ್ಸೆನಿಕ್ಕೂ ಇಳಿಯುವುದನ್ನು 2006ರಲ್ಲಿ ಅಂಕಿಗಳಲ್ಲಿ ತೋರಿಸಿತು. ಎಂಥ ಸೊಗಸಾದ ಕೆಲಸ! ಆದರೆ ಚೀನಾದ ಜಿಯಾವೊಡಾಂಗ್‌ಗೆ ಆ ಉತ್ತರ ಒಗ್ಗುವುದಿಲ್ಲ. ಅಲ್ಲಿನ ಹಳೆಯ ಶಿಲೆಗಳು ರೂಪಾಂತರಗೊಂಡದ್ದು ಸುಮಾರು 180 ಕೋಟಿ ವರ್ಷಗಳ ಹಿಂದೆ, ಚಿನ್ನ ಬಂದದ್ದು ಸುಮಾರು 12 ಕೋಟಿ ವರ್ಷಗಳ ಹಿಂದೆ. ಅಷ್ಟು ಮೊದಲೇ ನೀರು ಬಿಟ್ಟುಕೊಟ್ಟ ಶಿಲೆ ಮತ್ತೆ ಎಲ್ಲಿಂದ ನೀರು ಕೊಟ್ಟೀತು?

ಕೋಲಾರ ಒಟಾಗೊದಂತೆಯೋ ಜಿಯಾವೊಡಾಂಗ್‌ನಂತೆಯೋ ಎಂದು ಗಣಿಯೊಳಗಿನ ಮಾದರಿಗಳಷ್ಟೇ ಹೇಳಲಾರವು. ಆದ್ದರಿಂದ ಸಂಘಟಕರಲ್ಲಿ ಒಂದು ಕೋರಿಕೆ: ನಾಳೆಯ ಸಮಾರೋಪ ಗೋಷ್ಠಿಯಲ್ಲಿ ಅರ್ಧ ಗಂಟೆ ಇದಕ್ಕೆ ಮೀಸಲಿಡಿ. 'ಚಿನ್ನವಿಲ್ಲ' ಎಂದು ಬದಿಗಿಟ್ಟ ಡ್ರಿಲ್ ಕೋರ್‌ಗಳನ್ನು ಯಾರು ಕಾಪಾಡುತ್ತಾರೆ, ಟನ್ನಿಗೆ ಮಿಲಿಗ್ರಾಂಗಿಂತ ಕಡಿಮೆ ಮಟ್ಟದವರೆಗೆ ಅವನ್ನು ಯಾವ ಪ್ರಯೋಗಾಲಯದಲ್ಲಿ ಅಳೆಯುತ್ತೇವೆ ಎಂಬುದು ಅಲ್ಲಿ ತೀರ್ಮಾನವಾಗಲಿ.