ಮೊಣಕಾಲಿಲ್ಲದ ಆನೆ

ಮಧ್ಯಯುಗದ ಯುರೋಪಿನಲ್ಲಿ ಬೆಸ್ಟಿಯರಿ ಎಂಬ ಪ್ರಾಣಿಪುಸ್ತಕಗಳಿದ್ದವು. ಪ್ರಾಣಿಗೊಂದು ಚಿತ್ರ, ಅದರ ಗುಣಸ್ವಭಾವದ ವರ್ಣನೆ, ಬೆನ್ನಿಗೇ ಒಂದು ಕ್ರೈಸ್ತ ನೀತಿ. ಸಿಂಹದ ಮರಿಗಳು ಸತ್ತೇ ಹುಟ್ಟುತ್ತವೆಯಂತೆ, ಮೂರನೇ ದಿನ ತಂದೆ ಬಂದು ಉಸಿರೂದಿದರೆ ಕಣ್ಣು ಬಿಡುತ್ತವೆಯಂತೆ. ಕ್ರಿಸ್ತನ ಪುನರುತ್ಥಾನವನ್ನು ನೆನಪಿಸಲು ಇದಕ್ಕಿಂತ ಒಳ್ಳೆಯ ಸಿಂಹ ಕಾಡಿನಲ್ಲೂ ಸಿಗದು.

ಇವುಗಳ ಮೂಲ ಫಿಸಿಯೋಲೋಗಸ್ ಎಂಬ ಗ್ರೀಕ್ ಕೃತಿ. ಅದು ಲ್ಯಾಟಿನ್ನಿಗೆ ಬಂತು, 7ನೇ ಶತಮಾನದ ಸೆವಿಲ್‌ನ ಇಸಿಡೋರ್ ಬರೆದ ವಿಶ್ವಕೋಶದಿಂದ ಸರಕು ತುಂಬಿಕೊಂಡಿತು, 12 ಮತ್ತು 13ನೇ ಶತಮಾನದ ಇಂಗ್ಲೆಂಡಿನಲ್ಲಿ ಚಿನ್ನದ ರೇಕು ಮೆತ್ತಿಸಿಕೊಂಡು ಮೆರೆಯಿತು.

ಚಿತ್ರ ಯಾರಿಗಾಗಿ ಎಂಬುದಕ್ಕೆ 12ನೇ ಶತಮಾನದ ಫ್ರಾನ್ಸಿನ ಹ್ಯೂ ಡ ಫುಯಾ ಉತ್ತರ ಕೊಟ್ಟಿದ್ದಾನೆ. ಅವನ ಮಠಕ್ಕೆ ರೆನಿಯೆ ಎಂಬ ಮಾಜಿ ಯೋಧ ಸೇರಿದ್ದ. ಅವನಿಗಾಗಿಯೇ ಹ್ಯೂ ಪಕ್ಷಿಗಳ ಪುಸ್ತಕವೊಂದನ್ನು ಬರೆದ. ಓದು ಬಲ್ಲವರಿಗೆ ಅಕ್ಷರದಿಂದ ತಿಳಿಯುವುದು ಓದು ಬಾರದವರಿಗೆ ಚಿತ್ರದಿಂದ ತಿಳಿಯಲಿ ಎಂಬುದು ಅವನ ಉದ್ದೇಶ. ಮೊದಲಲ್ಲೇ ಒಂದೇ ಅಡ್ಡಗೋಲಿನ ಮೇಲೆ ಪಾರಿವಾಳ, ಗಿಡುಗ. ಪಾರಿವಾಳ ಪಾದ್ರಿ, ಗಿಡುಗ ಯೋಧ. ಬೇಟೆಯಾಡುತ್ತಿದ್ದವನನ್ನು ಮಠದೊಳಗೆ ಕೂರಿಸಿಕೊಳ್ಳಲು ಇಷ್ಟು ಸಾಕಾಯಿತು.

ಹೀಗಾಗಿ ಚಿತ್ರ ಪ್ರಾಣಿಯಂತಿರಬೇಕೆಂಬ ಕಟ್ಟುಪಾಡೇ ಇರಲಿಲ್ಲ. ಕಥೆ ನೆನಪಾದರೆ ಸಾಕು. ಮೊಸಳೆ ನಾಯಿಯಂತಿದ್ದರೂ ಯಾರೂ ತಕರಾರು ತೆಗೆಯಲಿಲ್ಲ. ತಿಮಿಂಗಿಲವೆಂದರೆ ಹುರುಪೆ ಹೊತ್ತ ದೊಡ್ಡ ಮೀನು. ದ್ವೀಪವೆಂದು ಭ್ರಮಿಸಿದ ನಾವಿಕರು ಅದರ ಬೆನ್ನ ಮೇಲೆ ಒಲೆ ಹೂಡುತ್ತಾರೆ, ಬಿಸಿ ತಾಗಿದ ಮೀನು ಹಡಗಿನ ಸಮೇತ ಅವರನ್ನು ಮುಳುಗಿಸುತ್ತದೆ. ಬೊನ್ನಕಾನ್ ಎಂಬ ಎತ್ತಿನಂಥ ಪ್ರಾಣಿಯಂತೂ ಬೆನ್ನಟ್ಟಿದವರ ಮೇಲೆ ಸುಡುವ ಸಗಣಿ ಹಾರಿಸುತ್ತದೆ. ಗುರಾಣಿ ಹಿಡಿದು ಮುಖ ಸಿಂಡರಿಸಿದ ಬೇಟೆಗಾರರನ್ನು ನೋಡಿದರೆ, ಚಿತ್ರಕಾರ ಆ ದಿನ ನೀತಿಯನ್ನು ಮರೆತೇಬಿಟ್ಟಿದ್ದನೆಂದು ಕಾಣುತ್ತದೆ.

ಆನೆಯದು ಬೇರೆಯೇ ಕಥೆ. ಅದಕ್ಕೆ ಮೊಣಕಾಲಿಲ್ಲ, ಬಿದ್ದರೆ ಏಳಲಾರದು, ಅದಕ್ಕೇ ಮರಕ್ಕೆ ಒರಗಿ ನಿದ್ದೆ ಮಾಡುತ್ತದೆ ಎಂಬ ನಂಬಿಕೆಯಿತ್ತು. ಚಿತ್ರಗಳಲ್ಲಿ ಕಾಲುಗಳು ನೆಟ್ಟ ಕಂಬಗಳು, ಸೊಂಡಿಲು ಕಹಳೆ, ಬೆನ್ನ ಮೇಲೆ ಸೈನಿಕರು ತುಂಬಿದ ಕೋಟೆ. ಹೀಗಿರುವಾಗ 1255ರಲ್ಲಿ ನಿಜವಾದ ಆನೆಯೇ ಬಂದುಬಿಟ್ಟಿತು. ಫ್ರಾನ್ಸಿನ ಒಂಬತ್ತನೇ ಲೂಯಿ ಅದನ್ನು ಇಂಗ್ಲೆಂಡಿನ ಮೂರನೇ ಹೆನ್ರಿಗೆ ಉಡುಗೊರೆಯಾಗಿ ಕಳಿಸಿದ್ದ. ಲಂಡನ್ ಟವರ್‌ನಲ್ಲಿ ಅದಕ್ಕೆ 40 ಅಡಿ ಉದ್ದ, 20 ಅಡಿ ಅಗಲದ ಮನೆ ಕಟ್ಟಿಸಲಾಯಿತು. ಸೇಂಟ್ ಆಲ್ಬನ್ಸ್ ಮಠದ ಸನ್ಯಾಸಿ ಮ್ಯಾಥ್ಯೂ ಪ್ಯಾರಿಸ್ ಅದನ್ನು ಕಣ್ಣಾರೆ ನೋಡಿ ಚಿತ್ರ ಬರೆದ. ಅವನ ಆನೆಗೆ ಮೊಣಕಾಲಿನ ಗೆಣ್ಣುಗಳಿವೆ, ಸೊಂಡಿಲು ಬಾಗುತ್ತದೆ. ಗಾತ್ರ ತಿಳಿಯಲೆಂದು ಪಕ್ಕದಲ್ಲಿ ಮಾವುತನನ್ನೂ ನಿಲ್ಲಿಸಿದ್ದಾನೆ. ಪಾಪ, ಆನೆ ಎರಡು ವರ್ಷದಲ್ಲೇ ಸತ್ತಿತು. ಬೆಸ್ಟಿಯರಿಯ ಆನೆಗಳು ಮಾತ್ರ ಆಮೇಲೂ ಕೋಟೆ ಹೊತ್ತುಕೊಂಡೇ ನಿಂತವು. ಚಿತ್ರಕಾರರ ಎದುರಿಗಿದ್ದದ್ದು ಆನೆಯಲ್ಲ, ಹಳೆಯ ಪುಸ್ತಕ.

ಆ ನಕಲಿನ ಗುರುತು 1200ರ ಸುಮಾರಿನ ಅಬರ್ಡೀನ್ ಬೆಸ್ಟಿಯರಿಯಲ್ಲಿ ಇಂದಿಗೂ ಇದೆ. 1542ರಲ್ಲಿ ಎಂಟನೇ ಹೆನ್ರಿಯ ಗ್ರಂಥಭಂಡಾರದ ಪಟ್ಟಿಗೆ ಸೇರಿದ್ದ ಈ ಪುಸ್ತಕ ಈಗ ಅಬರ್ಡೀನ್ ವಿಶ್ವವಿದ್ಯಾಲಯದಲ್ಲಿದೆ. ಅದರ ಕೆಲವು ಪ್ರಾಣಿಗಳ ಅಂಚಿನುದ್ದಕ್ಕೂ ಸಣ್ಣ ಸೂಜಿತೂತುಗಳು. ರವಿಕೆಗೆ ಆರಿ ಕೆಲಸ ಮಾಡುವವರು ಕಾಗದಕ್ಕೆ ಸೂಜಿ ಚುಚ್ಚಿ, ಮೇಲೆ ಬಣ್ಣ ಸವರಿ ಬಟ್ಟೆಗೆ ವಿನ್ಯಾಸ ಇಳಿಸುತ್ತಾರಲ್ಲ, ಅದೇ ಉಪಾಯ. ಇದ್ದಿಲ ಪುಡಿ ಇಂಥ ತೂತುಗಳಿಂದ ಇಳಿದು ಮುಂದಿನ ಪುಸ್ತಕದ ಹಾಳೆಯ ಮೇಲೆ ಚುಕ್ಕಿಯಾಗುತ್ತಿತ್ತು. ಚುಕ್ಕಿ ಸೇರಿಸಿದರೆ ಅದೇ ಪ್ರಾಣಿ, ಅದೇ ತಪ್ಪಿನ ಸಮೇತ.